ನೆರೆಮನೆಯ ಕೂಸು ಮತ್ತು ಶ್ರಾವಕನ ಯತ್ನಾಚಾರ

ಅಣುವ್ರತಗಳನ್ನು ಸ್ವೀಕರಿಸಿದ ಗೃಹಸ್ಥನ ಮುಂದೆ ಆಧುನಿಕ ವೈದ್ಯಶಾಸ್ತ್ರವು ತಂದಿರಿಸಿರುವ ಪ್ರಶ್ನೆಗಳಲ್ಲಿ ಲಸಿಕೆಯ ಪ್ರಶ್ನೆ ಹೊರನೋಟಕ್ಕೆ ಬಹು ಚಿಕ್ಕದು. ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ ತೋಳಿಗೆ ಒಂದು ಚುಚ್ಚುಮದ್ದು, ಒಂದಿಷ್ಟು ಅಳು, ಕೆಲವು ಮಕ್ಕಳಿಗೆ ವಾರದ ಮೇಲೆ ಸಣ್ಣ ಜ್ವರ, ಅಲ್ಲಿಗೆ ಮುಗಿಯಿತು. ಆದರೆ ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತದ ಅನಂತರ ಉಣ್ಣದ, ಕಂದಮೂಲಗಳನ್ನು ತ್ಯಜಿಸಿದ ಮನೆಯಲ್ಲಿ ಹಿರಿಯರೊಬ್ಬರು ಈ ಚುಚ್ಚುಮದ್ದಿನ ಬಗೆಗೆ ಎತ್ತಬಹುದಾದ ಸಂಶಯಗಳು ಚಿಕ್ಕವಲ್ಲ. ಸೂಕ್ಷ್ಮಜೀವಿಗಳನ್ನು ನಾಶಪಡಿಸಲು ದೇಹವನ್ನು ಮುಂಚಿತವಾಗಿ ಅಣಿಗೊಳಿಸುವುದು ಹಿಂಸೆಯ ಆಯೋಜನೆಯಾಗಲಿಲ್ಲವೆ? ಲಸಿಕೆಯ ತಯಾರಿಕೆಯಲ್ಲಿ ಪ್ರಾಣಿಜನ್ಯ ವಸ್ತುಗಳು ಸೇರುವುದಾದರೆ ಅದನ್ನು ಮಗುವಿನ ದೇಹಕ್ಕೆ ಸೇರಿಸುವುದು ಯುಕ್ತವೆ? ರೋಗವೆಂಬುದು ಅಸಾತಾ ವೇದನೀಯ ಕರ್ಮದ ಉದಯವೇ ಆಗಿದ್ದರೆ ಸೂಜಿಯ ಮೊನೆ ಅದನ್ನು ತಡೆದೀತೆ?

ಈ ಸಂಶಯಗಳನ್ನು ಮೌಢ್ಯವೆಂದು ನಕ್ಕು ತಳ್ಳಿಬಿಡುವುದು ಸುಲಭ. ಹಾಗೆ ನಕ್ಕವರು ಸಂಶಯವನ್ನು ಪರಿಹರಿಸಿದಂತಾಗುವುದಿಲ್ಲ. ಧರ್ಮದ ಹೆಸರಿನಲ್ಲಿ ಉತ್ತರ ಕೊಡುವ ಮೊದಲು ರೋಗವು ದೇಹದಲ್ಲಿ ಏನು ಮಾಡುತ್ತದೆ, ದೇಹವು ರೋಗಕ್ಕೆ ಏನು ಮಾಡುತ್ತದೆ ಎಂಬುದನ್ನು ತಿಳಿಯುವುದು ವಿಹಿತ. ಅದಕ್ಕೆ ದಡಾರಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು. ಉತ್ತರ ಕರ್ನಾಟಕದಲ್ಲಿ ಗೊಬ್ಬರವೆಂದು ಕರೆಯಲ್ಪಡುವ ಈ ರೋಗವನ್ನು ಅನೇಕರು ಇಂದಿಗೂ ಮಕ್ಕಳಿಗೆ ಒಮ್ಮೆ ಬಂದುಹೋಗುವ ಸಾಮಾನ್ಯ ಉಪದ್ರವವೆಂದೇ ಎಣಿಸುತ್ತಾರೆ. 1963ರಲ್ಲಿ ಇದಕ್ಕೆ ಲಸಿಕೆ ದೊರೆಯುವ ಮುನ್ನ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 26 ಲಕ್ಷ ಜನ ಇದರಿಂದ ಸಾಯುತ್ತಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2023ರಲ್ಲಿಯೂ ಸತ್ತವರ ಸಂಖ್ಯೆ 1,07,500ರಷ್ಟಿತ್ತು. ಅವರಲ್ಲಿ ಬಹುಪಾಲು ಐದು ವರ್ಷದೊಳಗಿನ ಮಕ್ಕಳು.

ದಡಾರದ ಸ್ವಭಾವವನ್ನು ಕ್ರಮಬದ್ಧವಾಗಿ ಮೊದಲು ಕಂಡುಕೊಂಡವನು ಡೆನ್ಮಾರ್ಕಿನ ತರುಣ ವೈದ್ಯ ಪೀಟರ್ ಲುಡ್ವಿಗ್ ಪಾನುಮ್. ಉತ್ತರ ಅಟ್ಲಾಂಟಿಕ್ ಸಾಗರದ ನಡುವಿರುವ ಫಾರೋ ದ್ವೀಪಗಳಲ್ಲಿ 1846ರಲ್ಲಿ ಈ ರೋಗ ಹಬ್ಬಿತು. ಕೋಪನ್‌ಹೇಗನ್ನಿನಿಂದ ಹಡಗಿನಲ್ಲಿ ಬಂದ ಮರಗೆಲಸದವನೊಬ್ಬ ತಿಳಿಯದೆ ಅದನ್ನು ತಂದಿದ್ದ. ಆರೇಳು ತಿಂಗಳಲ್ಲಿ ಅಲ್ಲಿನ 7,782 ನಿವಾಸಿಗಳ ಪೈಕಿ ಸುಮಾರು 6,000 ಮಂದಿ ಮಲಗಿದರು. ಆಗ ಸರ್ಕಾರವು ಕಳುಹಿಸಿದ ಪಾನುಮ್‌ಗೆ ಇಪ್ಪತ್ತೈದು ವಯಸ್ಸು. ಹಳ್ಳಿಯಿಂದ ಹಳ್ಳಿಗೆ ದೋಣಿಯಲ್ಲಿ ಸಾಗಿ, ಯಾರು ಯಾರನ್ನು ಯಾವ ದಿನ ಕಂಡರು, ಯಾವ ದಿನ ಮೈಮೇಲೆ ಗುಳ್ಳೆಗಳೆದ್ದವು ಎಂದು ಆತ ಬರೆದಿಟ್ಟ. ಸೋಂಕು ತಗುಲಿದ ಹದಿಮೂರು ಹದಿನಾಲ್ಕನೆಯ ದಿನಕ್ಕೆ ಗುಳ್ಳೆಗಳು ಕಾಣುತ್ತವೆಂಬುದು ಅವನ ಮೊದಲ ಶೋಧನೆ. ಎರಡನೆಯದು ಇನ್ನೂ ಸೋಜಿಗದ್ದು. ಆ ದ್ವೀಪಗಳಿಗೆ ಅದಕ್ಕೆ ಹಿಂದೆ ದಡಾರ ಬಂದಿದ್ದುದು 1781ರಲ್ಲಿ. ಅರವತ್ತೈದು ವರ್ಷಗಳ ಹಿಂದೆ, ಎಳೆಯ ವಯಸ್ಸಿನಲ್ಲಿ ಅದನ್ನು ಅನುಭವಿಸಿ ಬದುಕಿದ್ದ ಮುದುಕರಲ್ಲಿ ಪಾನುಮ್‌ನ ತಿಳಿವಿಗೆ ಬಂದ ಒಬ್ಬರಿಗೂ ಎರಡನೆಯ ಬಾರಿ ರೋಗ ಬರಲಿಲ್ಲ. ನಡುವಣ ಅರವತ್ತೈದು ವರ್ಷಗಳಲ್ಲಿ ಅವರ ದೇಹ ಆ ರೋಗವನ್ನು ಕಂಡಿರಲಿಲ್ಲ, ಆದರೂ ಮರೆತಿರಲಿಲ್ಲ.

ಈ ನೆನಪು ಹುಟ್ಟುವ ಬಗೆ ಹೀಗೆ. ದಡಾರದ ವೈರಸ್ಸು ಉಸಿರಿನೊಂದಿಗೆ ಒಳಸೇರುತ್ತದೆ. ರೋಗಿಯು ಎದ್ದು ಹೋದ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೂ ಅದು ಉಳಿದಿರಬಲ್ಲುದು. ಶ್ವಾಸಮಾರ್ಗದಲ್ಲಿ ಕಾವಲಿರುವ ಭಕ್ಷಕ ಕಣಗಳು ಅದನ್ನು ಹಿಡಿಯುತ್ತವೆ. ಹಿಡಿದುದನ್ನು ಸಮೀಪದ ದುಗ್ಧಗ್ರಂಥಿಗೆ ಒಯ್ದು ಅಲ್ಲಿನ ಬಿಳಿಯ ರಕ್ತಕಣಗಳಿಗೆ ತೋರಿಸುವುದು ಅವುಗಳ ನಿತ್ಯದ ಕೆಲಸ. ದಡಾರವು ಬಳಸಿಕೊಳ್ಳುವುದು ಈ ಕೆಲಸವನ್ನೇ. ಆ ಕಣಗಳ ಮೇಲ್ಮೈಯಲ್ಲಿರುವ ಒಂದು ಗುರುತನ್ನು ಹಿಡಿದು ಅದು ಅವುಗಳೊಳಗೆ ನುಗ್ಗುತ್ತದೆಂಬುದು 2000ರಲ್ಲಿ ಜಪಾನಿನ ಸಂಶೋಧಕರಿಂದ ಗೊತ್ತಾಯಿತು. ಕಾವಲುಗಾರನ ಹೆಗಲೇರಿಯೇ ಕಳ್ಳನು ಊರೊಳಗೆ ಬಂದಂತಾಯಿತು. ದುಗ್ಧಗ್ರಂಥಿಯಲ್ಲಿ ಅದು ಬಹುವಾಗಿ ವೃದ್ಧಿಯಾಗಿ, ರಕ್ತದ ಮೂಲಕ ಮೈಯೆಲ್ಲ ಹರಡಿ, ಕೊನೆಗೆ ಮತ್ತೆ ಶ್ವಾಸಮಾರ್ಗಕ್ಕೆ ಬಂದು ಕೆಮ್ಮಿನೊಡನೆ ಹೊರಬೀಳುತ್ತದೆ.

ಇದೇ ಹೊತ್ತಿಗೆ ದೇಹವೂ ಸುಮ್ಮನಿರುವುದಿಲ್ಲ. ಬಿಳಿಯ ರಕ್ತಕಣಗಳಲ್ಲಿ ‘ಬಿ’ ಎಂಬ ಬಗೆಯವು ಪ್ರತಿಕಾಯಗಳನ್ನು ಸ್ರವಿಸುತ್ತವೆ. ಇವು ವೈರಸ್ಸಿಗೆ ಅಂಟಿಕೊಂಡು ಅದು ಹೊಸ ಜೀವಕೋಶವನ್ನು ಹೊಗದಂತೆ ಮಾಡುತ್ತವೆ. ‘ಟಿ’ ಎಂಬ ಬಗೆಯವುಗಳ ಕೆಲಸ ಬೇರೆ. ವೈರಸ್ಸು ಹೊಕ್ಕಿರುವ ಸ್ವಂತ ಜೀವಕೋಶಗಳನ್ನೇ ಅವು ಗುರುತಿಸಿ ಕೊನೆಗಾಣಿಸುತ್ತವೆ. ದಡಾರದ ಕೆಂಪು ಗುಳ್ಳೆಗಳನ್ನು ಕಂಡು ತಾಯಿ ರೋಗ ಏರಿತೆಂದು ಹೆದರುತ್ತಾಳೆ. ವಾಸ್ತವವಾಗಿ ಆ ಗುಳ್ಳೆಗಳು ರೋಗದ ಕೆಲಸವಲ್ಲ, ಚರ್ಮದ ಸೂಕ್ಷ್ಮ ರಕ್ತನಾಳಗಳ ಬಳಿ ‘ಟಿ’ ಕಣಗಳು ಸೋಂಕಿದ ಕೋಶಗಳನ್ನು ಎದುರಿಸುತ್ತಿರುವುದರ ಕುರುಹು. ಆ ಕಣಗಳು ದುರ್ಬಲವಾಗಿರುವ ಮಕ್ಕಳಲ್ಲಿ ಗುಳ್ಳೆಗಳು ಏಳದೆಯೇ ರೋಗ ಶ್ವಾಸಕೋಶವನ್ನು ವ್ಯಾಪಿಸಿ ಪ್ರಾಣಕ್ಕೆ ಬರುವುದುಂಟು. ಅದಕ್ಕೆ ಬದಲಾಗಿ, ಹುಟ್ಟಿನಿಂದ ಪ್ರತಿಕಾಯಗಳನ್ನೇ ತಯಾರಿಸಲಾರದ ಮಕ್ಕಳು ದಡಾರದಿಂದ ಸಾಮಾನ್ಯವಾಗಿ ಗುಣ ಹೊಂದುತ್ತಾರೆ. ಕಾರ್ಯ ಮುಗಿದ ಮೇಲೆ ಈ ಕಣಗಳಲ್ಲಿ ಹೆಚ್ಚಿನವು ನಶಿಸಿ, ಕೆಲವು ಮಾತ್ರ ನೆನಪಿನ ಕಣಗಳಾಗಿ ಉಳಿಯುತ್ತವೆ. ಫಾರೋ ದ್ವೀಪದ ಮುದುಕರನ್ನು ಕಾಪಾಡಿದ್ದು ಇಂತಹ ನೆನಪೇ.

ಇಲ್ಲೊಂದು ಮಾತನ್ನು ಹೇಳಬೇಕು. ವೈದ್ಯಕೀಯ ಬರಹಗಳಲ್ಲಿ ರೋಗನಿರೋಧಕ ವ್ಯವಸ್ಥೆಯನ್ನು ಸೈನ್ಯಕ್ಕೆ ಹೋಲಿಸುವುದು ವಾಡಿಕೆಯಾಗಿದೆ. ಯುದ್ಧ, ಯೋಧ, ಶತ್ರು ಎಂಬ ಮಾತುಗಳು ತಾನಾಗಿ ಬರುತ್ತವೆ. ಆ ಹೋಲಿಕೆ ಅರ್ಧಸತ್ಯ. ಮನುಷ್ಯದೇಹದಲ್ಲಿ ಸ್ವಂತ ಜೀವಕೋಶಗಳಷ್ಟೇ, ಬಹುಶಃ ಅದಕ್ಕಿಂತ ತುಸು ಹೆಚ್ಚು, ಬ್ಯಾಕ್ಟೀರಿಯಾಗಳು ವಾಸವಾಗಿವೆ. ಅವುಗಳ ಬಹುಭಾಗದೊಡನೆ ದೇಹಕ್ಕೆ ಹಗೆತನವಿಲ್ಲ. ಎದೆಯ ಮೇಲ್ಭಾಗದ ಥೈಮಸ್ ಗ್ರಂಥಿಯಲ್ಲಿ ಹುಟ್ಟುವ ‘ಟಿ’ ಕಣಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚಿನವು ಹೊರಗೆ ಬಾರದೆಯೇ ಅಳಿಯುತ್ತವೆ. ತನ್ನವರನ್ನು ಗುರುತಿಸಲಾರದವು, ತನ್ನವರ ಮೇಲೆಯೇ ಎರಗಬಲ್ಲವು ಎರಡಕ್ಕೂ ಅಲ್ಲಿ ತಡೆ. ಹೊರಬಂದವುಗಳಲ್ಲಿಯೂ ಇತರ ಕಣಗಳನ್ನು ಹಿಡಿದು ನಿಲ್ಲಿಸುವುದನ್ನೇ ಕರ್ತವ್ಯವಾಗಿ ಉಳ್ಳ ಒಂದು ವರ್ಗವಿದೆಯೆಂದು ಜಪಾನಿನ ಶಿಮೋನ್ ಸಕಾಗುಚಿ 1995ರಲ್ಲಿ ತೋರಿಸಿದರು. 2025ರ ನೊಬೆಲ್ ಪಾರಿತೋಷಕ ಅವರಿಗೂ ಅಮೆರಿಕದ ಇಬ್ಬರು ವಿಜ್ಞಾನಿಗಳಿಗೂ ಈ ಸಂಯಮದ ರಹಸ್ಯವನ್ನು ಬಿಡಿಸಿದುದಕ್ಕಾಗಿ ಸಂದಿತು. ಸಂಯಮ ತಪ್ಪಿದ ರಕ್ಷಣೆಯು ದೇಹವನ್ನೇ ಸುಡುತ್ತದೆ. 2020ರಲ್ಲಿ ಕೋವಿಡ್ ಪೀಡಿತರಾಗಿ ಕೃತಕ ಉಸಿರಾಟದ ಯಂತ್ರಕ್ಕೆ ಬಂದವರಲ್ಲಿ ಮರಣವನ್ನು ಮೂರನೆಯ ಒಂದು ಪಾಲು ತಗ್ಗಿಸಿದ ಔಷಧ ಡೆಕ್ಸಾಮೆಥಾಸೋನ್; ಅದು ವೈರಸ್ಸನ್ನು ಕೊಲ್ಲುವುದಿಲ್ಲ, ದೇಹದ ಉಗ್ರತೆಯನ್ನು ಶಮನಗೊಳಿಸುತ್ತದೆ.

ಇದನ್ನು ಓದಿದ ಕೂಡಲೆ ರೋಗನಿರೋಧವನ್ನು ಸಂವರಕ್ಕೂ ರೋಗಶಮನವನ್ನು ನಿರ್ಜರೆಗೂ ಹೋಲಿಸಿ ಪ್ರವಚನ ಮಾಡುವ ಉತ್ಸಾಹ ಕೆಲವರಲ್ಲಿ ಮೂಡೀತು. ಹೋಲಿಕೆ ಕಿವಿಗೆ ಇಂಪು. ಆದರೆ ಆತ್ಮನ ಪುರುಷಾರ್ಥಕ್ಕೂ ಪುದ್ಗಲದ ಪರಿಣಮನಕ್ಕೂ ಇರುವ ಅಂತರವನ್ನು ಅದು ಮರೆಯಿಸುತ್ತದೆ. ಬಿಳಿಯ ರಕ್ತಕಣಕ್ಕೆ ಕಷಾಯವೂ ಇಲ್ಲ, ಕ್ಷಮೆಯೂ ಇಲ್ಲ. ಮೊದಲನೆಯ ಸಂಶಯಕ್ಕೆ ಉತ್ತರ ಇರುವುದೂ ಇಲ್ಲಿಯೇ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಪ್ರಾಣಹರಣದಲ್ಲಿ ಮಾತ್ರ ಕಾಣದೆ ಪ್ರಮಾದಯುಕ್ತವಾದ ಮನೋವಾಕ್ಕಾಯಗಳ ವ್ಯಾಪಾರದಲ್ಲಿ ಕಂಡಿತು. ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ವಿಚಾರ ಇನ್ನಷ್ಟು ಸ್ಪಷ್ಟವಾಗಿದೆ: ಎಚ್ಚರದಿಂದ ನಡೆಯುವವನಿಂದ ಅಕಸ್ಮಾತ್ತಾಗಿ ಜೀವಹಾನಿಯಾದರೂ ರಾಗಾದಿಗಳಿಲ್ಲದ ಕಾರಣ ಅವನಿಗೆ ಹಿಂಸೆಯ ದೋಷ ತಟ್ಟುವುದಿಲ್ಲ, ಪ್ರಮಾದದಿಂದ ನಡೆಯುವವನು ಯಾವ ಜೀವವೂ ಸಾಯದಿದ್ದರೂ ಹಿಂಸಕನೇ. ರಕ್ತದೊಳಗಿನ ವ್ಯಾಪಾರವು ಯಾರ ಸಂಕಲ್ಪದಿಂದಲೂ ನಡೆಯುವಂಥದಲ್ಲ. ಮಲಗಿರುವ ಮುನಿಯ ದೇಹದಲ್ಲಿಯೂ, ತೊಟ್ಟಿಲಿನ ಶಿಶುವಿನ ದೇಹದಲ್ಲಿಯೂ ಅದು ಸಮಾನವಾಗಿ ನಡೆಯುತ್ತದೆ.

ಸಂಶಯವಾದಿಯು ಇಷ್ಟಕ್ಕೆ ಸುಮ್ಮನಾಗಬೇಕಿಲ್ಲ. ರಕ್ತದ ವ್ಯಾಪಾರಕ್ಕೆ ಸಂಕಲ್ಪವಿಲ್ಲದಿರಬಹುದು, ಚುಚ್ಚುಮದ್ದನ್ನು ಹಾಕಿಸುವ ತಂದೆಗೆ ಸಂಕಲ್ಪವಿದೆಯಲ್ಲ ಎಂದು ಆತ ಕೇಳಬಹುದು. ಪ್ರಶ್ನೆ ನ್ಯಾಯವಾದುದು. ವೈರಸ್ಸು ಜೀವವೋ ಅಲ್ಲವೋ ಎಂಬ ಚರ್ಚೆಯನ್ನು ಇಲ್ಲಿಗೆ ತರುವವರಿದ್ದಾರೆ. ಏಕೇಂದ್ರಿಯ ಜೀವಕ್ಕೂ ಸ್ಪರ್ಶನೇಂದ್ರಿಯ, ಕಾಯಬಲ, ಶ್ವಾಸೋಚ್ಛ್ವಾಸ, ಆಯುಷ್ಯ ಎಂಬ ನಾಲ್ಕು ಪ್ರಾಣಗಳನ್ನು ಶಾಸ್ತ್ರ ಹೇಳುತ್ತದೆ. ವೈರಸ್ಸಾದರೋ ಜೀವಕೋಶದ ಹೊರಗೆ ಉಸಿರಾಡುವುದಿಲ್ಲ, ಆಹಾರ ಕೊಳ್ಳುವುದಿಲ್ಲ, ಬೆಳೆಯುವುದಿಲ್ಲ. ಈ ಜಾಡು ಹಿಡಿದು ತಪ್ಪಿಸಿಕೊಳ್ಳುವುದು ಬೇಡ. ನಿಗೋದವೇ ಬ್ಯಾಕ್ಟೀರಿಯಾ ಎಂದು ಸಾರಿ ಶಾಸ್ತ್ರದ ಗೌರವವನ್ನು ಸೂಕ್ಷ್ಮದರ್ಶಕಕ್ಕೆ ಒತ್ತೆಯಿಡುವುದು ಎಷ್ಟು ಅವಿವೇಕವೋ, ವೈರಸ್ಸು ಜೀವವಲ್ಲವೆಂದು ಅವಸರದಿಂದ ನಿರ್ಣಯಿಸಿ ಹಗುರಾಗುವುದೂ ಅಷ್ಟೇ. ಅದು ಜೀವವೆಂದೇ ಒಪ್ಪಿಕೊಂಡು ವಿಚಾರಿಸೋಣವಾಗಲಿ. ಲಸಿಕೆ ಹಾಕಿಸದ ಮಗುವಿಗೆ ದಡಾರ ಬಂದರೆ ಅದರ ದೇಹದಲ್ಲಿ ವೈರಸ್ಸು ಅಸಂಖ್ಯವಾಗಿ ಹೆಚ್ಚುತ್ತದೆ. ಮಗು ಗುಣವಾದರೆ ಅವೆಲ್ಲವೂ ಅಲ್ಲಿಯೇ ನಾಶವಾಗುತ್ತವೆ, ಮಗು ಸತ್ತರೆ ಅದರೊಡನೆ ನಾಶವಾಗುತ್ತವೆ. ಲಸಿಕೆ ಹಾಕಿಸಿದ ಮಗುವಿನಲ್ಲಿ ದುರ್ಬಲಗೊಳಿಸಿದ ಕೆಲವೇ ವೈರಸ್ಸುಗಳು ಅಲ್ಪವಾಗಿ ವೃದ್ಧಿಗೊಂಡು ಅಡಗುತ್ತವೆ. ನಾಶವನ್ನು ಲೆಕ್ಕವಿಟ್ಟು ತೂಗುವುದೇ ಆದರೂ ತಕ್ಕಡಿ ರೋಗದ ಕಡೆಗೆ ಭಾರವಾಗುತ್ತದೆ. ಇನ್ನು ಭಾವದ ಮಾತು. ತಂದೆಯ ಸಂಕಲ್ಪ ಕೊಲ್ಲುವುದರಲ್ಲಿಲ್ಲ, ಕಾಯುವುದರಲ್ಲಿದೆ. ಗೃಹಸ್ಥನಿಗೆ ಶಾಸ್ತ್ರವು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ನಿಷೇಧಿಸಿ, ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳಲ್ಲಿ ಅನಿವಾರ್ಯವಾದುದನ್ನು ಸಹಿಸಿರುವುದು ಇಂಥ ಸಂದರ್ಭಗಳಿಗಾಗಿಯೇ.

ಕರ್ಮೋದಯದ ಸಂಶಯಕ್ಕೆ ಹೆಚ್ಚಿನ ಮಾತು ಬೇಕಾಗದು. ಕರ್ಮವು ಫಲ ಕೊಡುವುದು ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತವನ್ನು ಕೂಡಿಕೊಂಡು. ಬಾವಿಗೆ ಕಟ್ಟೆ ಕಟ್ಟಿಸುವವನು ಕರ್ಮಸಿದ್ಧಾಂತವನ್ನು ಅಲ್ಲಗಳೆಯುತ್ತಿಲ್ಲ.

ಈ ವಿಷಯದಲ್ಲಿ ಶ್ರದ್ಧೆಯ ಇನ್ನೊಂದು ಪರಂಪರೆಯ ಅನುಭವವನ್ನು ನೋಡುವುದು ಪ್ರಯೋಜನಕರ. ನೆದರ್ಲೆಂಡ್ಸ್ ದೇಶದಲ್ಲಿ ಸಂಪ್ರದಾಯನಿಷ್ಠ ಪ್ರಾಟೆಸ್ಟಂಟರ ಒಂದು ಸಮುದಾಯವಿದೆ. ಶ್ರಮಜೀವಿಗಳು, ಭಾನುವಾರ ಕೆಲಸ ಮಾಡದವರು, ತುಂಬು ಕುಟುಂಬಗಳಲ್ಲಿ ಬಾಳುವವರು. ರೋಗವೂ ಆರೋಗ್ಯವೂ ದೇವರ ವಿಧಾನವೆಂದೂ, ಮುಂಚಿತವಾಗಿ ಲಸಿಕೆ ಹಾಕಿಸುವುದು ಆ ವಿಧಾನದಲ್ಲಿ ಕೈಹಾಕಿದಂತೆಂದೂ ಅವರಲ್ಲಿ ಅನೇಕರ ನಂಬಿಕೆ. ಅಬ್ರಹಾಂ ಕಪಾಡೋಸೆ ಎಂಬ ವೈದ್ಯನು 1823ರಲ್ಲಿಯೇ ಲಸಿಕೆಯ ವಿರುದ್ಧ ಗ್ರಂಥ ಬರೆದಿದ್ದನು. ಲಸಿಕೆಯೂ ದೇವರ ಕೊಡುಗೆಯೇ ಎಂದು ಹೇಳುವವರು ಅದೇ ಸಮುದಾಯದಲ್ಲಿಯೂ ಇದ್ದಾರೆ ಎಂಬುದನ್ನು ಮರೆಯಬಾರದು. 2013ರ ಮೇ ತಿಂಗಳಿನಲ್ಲಿ ಅಲ್ಲಿ ದಡಾರ ಕಾಣಿಸಿಕೊಂಡಿತು. ಮುಂದಿನ ವರ್ಷದ ಮಾರ್ಚ್ ವೇಳೆಗೆ ವರದಿಯಾದ ರೋಗಿಗಳೇ ಸುಮಾರು 2,700. ಹದಿನೇಳು ವರ್ಷದ ಬಾಲಕಿಯೊಬ್ಬಳು ತೀರಿಕೊಂಡಳು. ಸಮುದಾಯದ ಬಂಧುತ್ವದ ದಾರಿಯಲ್ಲಿಯೇ ಅದು ಸಮುದ್ರ ದಾಟಿ 2014ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತಕ್ಕೂ ತಲುಪಿತು.

ಆ ಸಮುದಾಯದ ಕೆಲವು ಮನೆಗಳವರು ಒಂದು ದೊಡ್ಡ ಉಪಕಾರವನ್ನೂ ಮಾಡಿದರು. ರೋಗ ಬರುವ ಮೊದಲು ಮತ್ತು ಬಂದುಹೋದ ಮೇಲೆ ತಮ್ಮ ಮಕ್ಕಳ ರಕ್ತವನ್ನು ಪರೀಕ್ಷೆಗೆ ಕೊಟ್ಟರು. ಲಸಿಕೆ ಹಾಕಿಸಿಕೊಳ್ಳದ 77 ಮಕ್ಕಳ ರಕ್ತವನ್ನು ಪರೀಕ್ಷಿಸಿದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ದಡಾರದಿಂದ ಗುಣವಾದ ಆ ಮಕ್ಕಳಲ್ಲಿ, ಬೇರೆ ಬೇರೆ ರೋಗಾಣುಗಳ ವಿರುದ್ಧ ಅದುವರೆಗೆ ಸಂಗ್ರಹವಾಗಿದ್ದ ಪ್ರತಿಕಾಯಗಳ ವೈವಿಧ್ಯದಲ್ಲಿ ನೂರಕ್ಕೆ 11ರಿಂದ 73ರಷ್ಟು ಅಳಿಸಿಹೋಗಿತ್ತು. ಕಾರಣ ಮೇಲೆ ಹೇಳಿದುದೇ. ದಡಾರವು ವೃದ್ಧಿಯಾಗುವುದು ನೆನಪಿನ ಕಣಗಳೊಳಗೆ. ಅವುಗಳೊಂದಿಗೆ ನೆನಪೂ ಹೋಗುತ್ತದೆ. ಹೊಸದಾಗಿ ಹುಟ್ಟುವ ನೆನಪು ದಡಾರವೊಂದರದೇ. ಮಗು ದಡಾರವನ್ನು ಆಯುಷ್ಯವಿಡೀ ಮರೆಯದು, ಆದರೆ ಹಿಂದೆ ಎದುರಿಸಿ ಗೆದ್ದಿದ್ದ ಎಷ್ಟೋ ರೋಗಗಳನ್ನು ಮರೆತಿರುತ್ತದೆ. ಇಂಗ್ಲೆಂಡ್, ಡೆನ್ಮಾರ್ಕ್, ಅಮೆರಿಕಗಳ ಹಳೆಯ ಮರಣ ದಾಖಲೆಗಳನ್ನು ತುಲನೆ ಮಾಡಿ, ದಡಾರವಾದ ಎರಡು ಮೂರು ವರ್ಷಗಳವರೆಗೆ ಮಕ್ಕಳು ಇತರ ಸೋಂಕುಗಳಿಂದ ಹೆಚ್ಚಾಗಿ ಸಾಯುತ್ತಿದ್ದರೆಂದು 2015ರಲ್ಲಿಯೇ ಒಂದು ಅಧ್ಯಯನ ತೋರಿಸಿತ್ತು. ದಡಾರ ಬಂದುಹೋದ ಮೇಲೆ ಕೂಸು ಸೊರಗಿತು, ಭೇದಿ ಹಿಡಿಯಿತು, ಎದೆ ಕಟ್ಟಿತು ಎಂದು ಅಜ್ಜಿಯರು ಹೇಳುತ್ತಿದ್ದುದು ಬರಿಯ ಮಾತಾಗಿರಲಿಲ್ಲ. ಲಸಿಕೆಯ ದುರ್ಬಲ ವೈರಸ್ಸು ಹೀಗೆ ನೆನಪನ್ನು ಅಳಿಸಿದುದು ಕಂಡುಬಂದಿಲ್ಲ.

ಇಲ್ಲಿಯವರೆಗಿನ ಮಾತು ಸ್ವಂತ ಮಗುವಿನ ಹಿತದ್ದು. ನೈತಿಕ ಪ್ರಶ್ನೆ ತೀಕ್ಷ್ಣವಾಗುವುದು ನೆರೆಮನೆಯ ತೊಟ್ಟಿಲಿನ ಬಳಿ. ಒಂಬತ್ತು ತಿಂಗಳಿಗೆ ಮುನ್ನ ದಡಾರದ ಲಸಿಕೆಯನ್ನು ಸಾಮಾನ್ಯವಾಗಿ ಹಾಕುವುದಿಲ್ಲ. ಗರ್ಭದಲ್ಲಿರುವಾಗ ತಾಯಿಯ ಪ್ರತಿಕಾಯಗಳು ಮಾಸದ ಮೂಲಕ ಶಿಶುವಿಗೆ ಇಳಿದಿರುತ್ತವೆ. ಅವು ಇರುವಷ್ಟು ದಿನ ಲಸಿಕೆಯ ವೈರಸ್ಸನ್ನೂ ಅಡಗಿಸಿಬಿಡುವುದರಿಂದ ಲಸಿಕೆ ಹಿಡಿಯುವುದಿಲ್ಲ. ಅವು ಕರಗಿದ ಮೇಲೆ, ಲಸಿಕೆ ಬೀಳುವವರೆಗಿನ ಕೆಲವು ತಿಂಗಳು ಶಿಶುವಿಗೆ ತಾಯಿಯ ರಕ್ಷೆಯೂ ಇಲ್ಲ, ತನ್ನದೂ ಇಲ್ಲ. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಬಾಲಕನಿಗೆ ಜೀವಂತ ಲಸಿಕೆಯನ್ನು ಕೊಡುವಂತೆಯೇ ಇಲ್ಲ. ಇವರಿಗೆ ಕೋಟೆಯಾಗಬೇಕಾದವರು ಸುತ್ತಲಿನ ಜನ. ಯಾರಿಗೂ ನಿರೋಧಶಕ್ತಿ ಇಲ್ಲದ ಊರಿನಲ್ಲಿ ದಡಾರದ ಒಬ್ಬ ರೋಗಿಯಿಂದ ಹನ್ನೆರಡರಿಂದ ಹದಿನೆಂಟು ಮಂದಿಗೆ ಸೋಂಕು ಹರಡುತ್ತದೆ. ಆದುದರಿಂದ ನೂರಕ್ಕೆ ಸುಮಾರು 95 ಮಂದಿ ರಕ್ಷಿತರಾಗಿದ್ದರೆ ಮಾತ್ರ ಉಳಿದ ಐವರ ಬಳಿಗೆ ಅದು ಸುಳಿಯದು. ಶೈಶವದಲ್ಲಿಯೇ ದಡಾರವಾದ ಮಕ್ಕಳಲ್ಲಿ ವಿರಳವಾಗಿಯಾದರೂ, ಏಳರಿಂದ ಹತ್ತು ವರ್ಷಗಳ ಅನಂತರ, ಮೆದುಳಿನಲ್ಲಿ ಅಡಗಿದ್ದ ವೈರಸ್ಸು ಮತ್ತೆ ತಲೆಯೆತ್ತುತ್ತದೆ. ಓದುತ್ತ ಆಡುತ್ತ ಇದ್ದ ಬಾಲಕ ಮೊದಲು ಪಾಠ ಮರೆಯುತ್ತಾನೆ, ಆಮೇಲೆ ನಡಿಗೆ, ಆಮೇಲೆ ಮಾತು. ಅದಕ್ಕೆ ಇಂದಿಗೂ ಗುಣಪಡಿಸುವ ಚಿಕಿತ್ಸೆಯಿಲ್ಲ.

ಲಸಿಕೆ ಹಾಕಿಸದಿರುವುದು ಏನನ್ನೂ ಮಾಡದಿರುವುದಷ್ಟೆ, ಮಾಡದಿರುವುದರಲ್ಲಿ ಹಿಂಸೆ ಎಲ್ಲಿಂದ ಬಂತು ಎಂದು ಕೇಳುವವರಿಗೆ ಶ್ರಾವಕಾಚಾರದಲ್ಲಿಯೇ ಉತ್ತರವಿದೆ. ದಡಾರದ ರೋಗಿಯು ಗುಳ್ಳೆಗಳು ಕಾಣುವುದಕ್ಕೆ ನಾಲ್ಕು ದಿನ ಮೊದಲಿನಿಂದಲೇ ಸೋಂಕನ್ನು ಹರಡುತ್ತಿರುತ್ತಾನೆ. ಆ ನಾಲ್ಕು ದಿನ ಅವನು ನೆಗಡಿಯಾದ ಹುಡುಗನಷ್ಟೆ. ಪಾಠಶಾಲೆಗೂ ಬಸದಿಗೂ ನೆರೆಮನೆಯ ನಾಮಕರಣಕ್ಕೂ ಹೋಗಿಬರುತ್ತಾನೆ. ಅವನಿಗಾಗಲಿ ಹೆತ್ತವರಿಗಾಗಲಿ ಅರಿವಿಲ್ಲ; ಅರಿವಿಲ್ಲದೆಡೆ ಪ್ರಮಾದವೂ ಇಲ್ಲವೆಂದು ವಾದಿಸಬಹುದು. ಆದರೆ ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸುವ ಗೃಹಿಣಿಯೂ ನೀರಿನಲ್ಲಿ ಜೀವಿಯನ್ನು ಕಂಡ ಮೇಲೆ ಸೋಸುವವಳಲ್ಲ. ಕಾಣದು ಎಂಬ ಕಾರಣದಿಂದಲೇ ಸೋಸುತ್ತಾಳೆ. ಕಣ್ಣಿಗೆ ಕಾಣದ ಜೀವಕ್ಕೆ ತನ್ನ ನಡೆಯಿಂದ ಹಾನಿಯಾಗಬಹುದೆಂದು ಮೊದಲೇ ಬಲ್ಲವನು ಮೊದಲೇ ಎಚ್ಚರ ವಹಿಸುವುದಕ್ಕೆ ಯತ್ನಾಚಾರವೆಂದು ಹೆಸರು. ಸೋಸಿದ ನೀರಿನ ಜೀವಿಗಳನ್ನು ಮತ್ತೆ ಬಾವಿಗೇ ಬಿಡುವ ಪದ್ಧತಿ ಇದೆ, ಲಸಿಕೆಯಲ್ಲಿ ಅಂತಹ ಅವಕಾಶವಿಲ್ಲ ಎಂಬ ವ್ಯತ್ಯಾಸ ನಿಜ. ಆದರೆ ಪಂಚೇಂದ್ರಿಯ ಜೀವವೊಂದು ತೊಟ್ಟಿಲಿನಲ್ಲಿ ಮಲಗಿರುವಾಗ ಆ ವ್ಯತ್ಯಾಸವೇ ನಿರ್ಣಾಯಕವೆಂದು ಹೇಳುವುದಕ್ಕೆ ಬಹಳ ಗಟ್ಟಿಯಾದ ಮನಸ್ಸು ಬೇಕು.

ಲಸಿಕೆಯ ತಯಾರಿಕೆಯ ಬಗೆಗಿನ ಸಂಶಯ ಮಾತ್ರ ಇಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ. ಬಗೆಹರಿಯಿತೆಂದು ಹೇಳುವುದು ಪ್ರಾಮಾಣಿಕವೂ ಅಲ್ಲ. ಹಿಂದೆ ಸಿಡುಬಿನ ಲಸಿಕೆಯನ್ನು ಕರುಗಳ ಚರ್ಮವನ್ನು ಗೀರಿ, ಹುಣ್ಣೆಬ್ಬಿಸಿ ಪಡೆಯಲಾಗುತ್ತಿತ್ತು. ಗಾಂಧೀಜಿಯವರು ಸಿಡುಬಿನ ಲಸಿಕೆಯನ್ನು ವಿರೋಧಿಸಿದುದಕ್ಕೆ ಆ ಮೂಕಪ್ರಾಣಿಯ ಯಾತನೆಯೂ ಒಂದು ಕಾರಣ. 1930ರ ಆದಿಯಲ್ಲಿ, ದಂಡಿಯಾತ್ರೆಗೆ ಮುನ್ನ, ಸಾಬರಮತಿಯ ಆಶ್ರಮದಲ್ಲಿಯೇ ಸಿಡುಬು ಹೊಕ್ಕು ಮಕ್ಕಳು ತೀರಿಕೊಂಡರು. ಗಾಂಧೀಜಿ ತಮ್ಮ ನಿಲುವನ್ನು ಬಿಡಲಿಲ್ಲ. ಆ ಸಾವುಗಳು ತಮ್ಮನ್ನು ಕಲಕಿದುವೆಂಬುದನ್ನು ಮುಚ್ಚಿಡಲೂ ಇಲ್ಲ. ಅವರ ಅಹಿಂಸೆಯನ್ನು ಗೌರವಿಸುವವರೂ ಈ ಒಂದು ವಿಷಯದಲ್ಲಿ ಆ ಮಕ್ಕಳ ಕಡೆಗೆ ನಿಲ್ಲುವುದು ತಪ್ಪಾಗಲಾರದು.

ದಡಾರದ ಲಸಿಕೆಯ ಕಥೆ ಬೇರೆ. 1954ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಜಾನ್ ಎಂಡರ್ಸ್ ಮತ್ತು ಥಾಮಸ್ ಪೀಬಲ್ಸ್ ಎಂಬವರು ರೋಗಪೀಡಿತ ಬಾಲಕನೊಬ್ಬನ ರಕ್ತದಿಂದ ವೈರಸ್ಸನ್ನು ಬೇರ್ಪಡಿಸಿ, ಬಳಿಕ ಅದನ್ನು ಕೋಳಿಮೊಟ್ಟೆಯ ಭ್ರೂಣದ ಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ ದುರ್ಬಲಗೊಳಿಸಿದರು. ಭಾರತದಲ್ಲಿ ಬಳಕೆಯಲ್ಲಿರುವ ದಡಾರ–ರುಬೆಲ್ಲಾ ಲಸಿಕೆಯ ವೈರಸ್ಸನ್ನು ಪ್ರಯೋಗಶಾಲೆಯಲ್ಲಿ ದಶಕಗಳಿಂದ ಉಳಿಸಿಕೊಂಡು ಬಂದಿರುವ ಮಾನವಕೋಶಗಳಲ್ಲಿ ಬೆಳೆಸುತ್ತಾರೆ. ಆ ಕೋಶಗಳ ಮೂಲ 1960ರ ದಶಕದಲ್ಲಿ ಗರ್ಭಪಾತವಾದ ಒಂದು ಭ್ರೂಣ. ಲಸಿಕೆ ಕೆಡದಂತೆ ಪ್ರಾಣಿಜನ್ಯವಾದ ಜಿಲಟಿನ್ನನ್ನು ಸೇರಿಸುವುದೂ ಉಂಟು. ಇವನ್ನು ಮರೆಮಾಚಿ ಜನರನ್ನು ಒಪ್ಪಿಸುವುದು ಅಸತ್ಯದ ದಾರಿ. ವ್ರತಸ್ಥನಾದ ಗೃಹಸ್ಥನಿಗೆ ಇದು ನೋವನ್ನುಂಟುಮಾಡಿದರೆ ಆ ನೋವು ಸಾಧು. ನೋವಿಗೆ ಯೋಗ್ಯವಾದ ಪರಿಣಾಮವೆಂದರೆ ಪ್ರಾಣಿಜನ್ಯ ವಸ್ತುಗಳಿಲ್ಲದ ಲಸಿಕೆಗಳಿಗಾಗಿ ತಯಾರಕರಲ್ಲಿ, ಸರ್ಕಾರದಲ್ಲಿ ಒತ್ತಾಯಿಸುವುದು. ಆಸ್ಪತ್ರೆಗಳನ್ನೂ ವೈದ್ಯಕೀಯ ವಿದ್ಯಾಲಯಗಳನ್ನೂ ನಡೆಸುತ್ತಿರುವ ಸಮಾಜಕ್ಕೆ ಆ ದನಿ ಇಲ್ಲದಿಲ್ಲ. ಅದು ದೊರೆಯುವವರೆಗೆ ನೆರೆಮನೆಯ ಕೂಸನ್ನು ಕಾಯಿಸುವುದು ಆ ನೋವಿನ ಯೋಗ್ಯ ಪರಿಣಾಮವಲ್ಲ.

ಹಾಗಾದರೆ ಒಪ್ಪದವರ ಮೇಲೆ ಬಲಪ್ರಯೋಗ ಮಾಡಬಹುದೆ? ಸಿಡುಬಿನ ನಿರ್ಮೂಲನೆಯ ಕೊನೆಯ ವರ್ಷಗಳಲ್ಲಿ ಅದೂ ನಡೆಯಿತು. 1974ರ ಮೊದಲ ತಿಂಗಳುಗಳಲ್ಲಿ ಭಾರತದಲ್ಲಿ ಸುಮಾರು 15,000 ಜನ ಸಿಡುಬಿನಿಂದ ಸತ್ತ ಹೊತ್ತು ಅದು. ಆಗ ಬಿಹಾರಕ್ಕೆ ಸೇರಿದ್ದ ಸಿಂಗಭೂಮಿನ ಹೋ ಬುಡಕಟ್ಟಿನ ಮುಖಂಡನೊಬ್ಬನ ಮನೆಗೆ ಲಸಿಕೆಯವರು ನಡುರಾತ್ರಿ ಬಾಗಿಲು ಮುರಿದು ನುಗ್ಗಿ, ಹೊಯ್ದಾಡುತ್ತಿದ್ದ ಅವನಿಗೂ ಹೆಂಡತಿಮಕ್ಕಳಿಗೂ ಬಲವಂತವಾಗಿ ಲಸಿಕೆ ಚುಚ್ಚಿದರು. ಗದ್ದಲ ಅಡಗಿದ ಮೇಲೆ ಆತ ತನ್ನ ಹಿತ್ತಲಿನ ಸೌತೆಕಾಯಿಯನ್ನು ಕಿತ್ತುತಂದು ಅವರಿಗೆ ಕೊಟ್ಟನಂತೆ. ದೇವರ ಇಚ್ಛೆಗೆ ತಲೆಬಾಗುವುದು ತನ್ನ ಧರ್ಮ, ಅದಕ್ಕಾಗಿ ಕೈಲಾದಷ್ಟು ಎದುರಿಸಿದ್ದಾಯಿತು. ಲಸಿಕೆ ಹಾಕುವುದು ಅವರ ಧರ್ಮ, ಅವರು ಅದನ್ನು ಮಾಡಿದರು. ಇನ್ನು ಅವರು ಮನೆಗೆ ಬಂದ ಅತಿಥಿಗಳು ಎಂಬ ಅರ್ಥದಲ್ಲಿ ಆತ ಮಾತನಾಡಿದನೆಂದು ಆ ತಂಡದಲ್ಲಿದ್ದ ಅಮೆರಿಕದ ವೈದ್ಯ ಲಾರೆನ್ಸ್ ಬ್ರಿಲಿಯಂಟ್ ಮುಂದೆ ಬರೆದಿಟ್ಟರು. 1975ರ ಮೇ ತಿಂಗಳ ಅನಂತರ ಭಾರತದಲ್ಲಿ ಸಿಡುಬು ಹಬ್ಬಲಿಲ್ಲ. 1980ರ ಮೇ 8ರಂದು ಜಗತ್ತೇ ಅದರಿಂದ ಮುಕ್ತವಾಯಿತೆಂದು ಘೋಷಣೆಯಾಯಿತು. ಫಲ ದೊಡ್ಡದು. ಆ ರಾತ್ರಿ ಮುರಿದ ಬಾಗಿಲನ್ನು ಫಲದಿಂದ ಸಮರ್ಥಿಸಲು ಹೊರಟರೆ ಮಾತ್ರ ಸೌತೆಕಾಯಿಯನ್ನು ಕೊಟ್ಟವನೇ ಲಸಿಕೆ ಕೊಟ್ಟವರಿಗಿಂತ ಎತ್ತರದಲ್ಲಿ ಕಾಣಿಸುತ್ತಾನೆ. ಅಹಿಂಸೆಯ ಹೆಸರಿನಲ್ಲಿ ಲಸಿಕೆಯನ್ನು ಬೇಡವೆನ್ನುವುದು ಹೇಗೆ ಸಲ್ಲದೋ, ಬೇಡವೆಂದವನ ತೋಳು ತಿರುಚುವುದೂ ಹಾಗೆಯೇ ಸಲ್ಲದು.

ಬಲಾತ್ಕಾರಕ್ಕೂ ಉದಾಸೀನಕ್ಕೂ ನಡುವೆ ಬೇಕಾದಷ್ಟು ಸ್ಥಳವಿದೆ. ದಡಾರ–ರುಬೆಲ್ಲಾ ಲಸಿಕೆಯ ರಾಷ್ಟ್ರೀಯ ಅಭಿಯಾನ 2017ರ ಫೆಬ್ರವರಿಯಲ್ಲಿ ಆರಂಭವಾದಾಗ ಮೊದಲ ಹಂತದಲ್ಲಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದವರೆಗಿನ ಮಕ್ಕಳಿಗೆ ಶಾಲೆಗಳಲ್ಲಿಯೇ ಅದನ್ನು ಹಾಕಲಾಯಿತು. ಈಗ ಅದು ಒಂಬತ್ತರಿಂದ ಹನ್ನೆರಡು ತಿಂಗಳ ನಡುವೆ ಒಮ್ಮೆ, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳ ನಡುವೆ ಇನ್ನೊಮ್ಮೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಎರಡನೆಯದನ್ನು ಮರೆಯುವ ಮನೆಗಳೂ ಉಂಟು. ಹಾಸ್ಟೆಲು, ಗುರುಕುಲಗಳನ್ನು ನಡೆಸುವ ಟ್ರಸ್ಟುಗಳು ಪ್ರವೇಶದ ವೇಳೆ ಮಗುವಿನ ಲಸಿಕೆಯ ಚೀಟಿಯನ್ನು ಕೇಳಿ ನೋಡಬಹುದು; ಇಲ್ಲದ ಮಕ್ಕಳನ್ನು ಹಿಂದಕ್ಕೆ ಕಳುಹಿಸದೆ, ಹೆತ್ತವರೊಡನೆ ಕುಳಿತು ಮಾತನಾಡಿ, ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವ ವ್ಯವಸ್ಥೆ ಮಾಡಬಹುದು. ಪಂಚಕಲ್ಯಾಣದಂತಹ ಉತ್ಸವಗಳಿಗೆ ಎಳೆಗೂಸುಗಳನ್ನೆತ್ತಿಕೊಂಡು ತಾಯಂದಿರು ಬರುತ್ತಾರೆ. ಜ್ವರ, ಕೆಮ್ಮು, ಕೆಂಗಣ್ಣು ಇರುವ ಮಕ್ಕಳನ್ನು ಕರೆತರಬೇಡಿರೆಂದು ಆಮಂತ್ರಣ ಪತ್ರಿಕೆಯಲ್ಲಿ ಒಂದು ಸಾಲು ಅಚ್ಚುಹಾಕಿಸಲು ಖರ್ಚಿಲ್ಲ. ದಡಾರ ತಗುಲಿದ ಮಗುವಿಗೆ ಎರಡು ದಿನ ‘ಎ’ ಜೀವಸತ್ವವನ್ನು ಕೊಟ್ಟರೆ ಕುರುಡುತನವೂ ಮರಣವೂ ಬಹಳ ಮಟ್ಟಿಗೆ ತಪ್ಪುತ್ತವೆ; ಔಷಧದಾನಕ್ಕೆಂದು ಹಣವಿಟ್ಟಿರುವ ಬಸದಿಗಳ ಸಮಿತಿಗಳು ಇದನ್ನು ತಿಳಿದಿರುವುದು ಒಳಿತು.

ಇವೆಲ್ಲಕ್ಕೂ ಈಗ ಮೊದಲಿಗಿಂತ ಹೆಚ್ಚಿನ ಅವಸರವಿದೆ. ಸ್ವತಃ ದಡಾರವನ್ನು ಅನುಭವಿಸಿ ಬೆಳೆದ ಹಿಂದಿನ ತಾಯಂದಿರು ಗರ್ಭಸ್ಥ ಶಿಶುವಿಗೆ ದಾಟಿಸುತ್ತಿದ್ದ ಪ್ರತಿಕಾಯಗಳ ಮೊತ್ತ ದೊಡ್ಡದು. ಲಸಿಕೆಯಿಂದ ನಿರೋಧಶಕ್ತಿ ಪಡೆದ ಇಂದಿನ ತಾಯಂದಿರಿಂದ ಇಳಿಯುವ ಮೊತ್ತ ಅದಕ್ಕಿಂತ ಕಡಿಮೆ, ಆದ್ದರಿಂದ ಅದು ಬೇಗನೆ ಕರಗುತ್ತದೆ. ಅಜ್ಜಿಯ ಕಾಲದ ಕೂಸಿಗಿಂತ ಮೊಮ್ಮಗಳ ಕೂಸು ತನ್ನ ಮೊದಲ ಲಸಿಕೆಗಾಗಿ ಬರಿಮೈಯಲ್ಲಿ ಕಾಯಬೇಕಾದ ತಿಂಗಳುಗಳು ಹೆಚ್ಚು.